ಎರಡು ಪಾರ್ಕ್, ಎರಡು ಕ್ಯೂ: ಒಂದು ಕಡೆ 80 ನಿಮಿಷ, ಇನ್ನೊಂದು ಕಡೆ 30

ಒಂದು ವಾರದ ಅಂತರದಲ್ಲಿ ಮಗಳ ಜೊತೆ ಎರಡು ಥೀಮ್ ಪಾರ್ಕ್ ಸುತ್ತಿ ಬಂದೆ. ಎರಡರಲ್ಲೂ ದೊಡ್ಡ ರೋಲರ್ ಕೋಸ್ಟರ್ ಇದೆ. ಎರಡಕ್ಕೂ ಹೋಗಿದ್ದು ಶನಿವಾರ, ಜನವೂ ಹೆಚ್ಚುಕಮ್ಮಿ ಅಷ್ಟೇ. ಆದರೂ ಮೊದಲನೆಯ ಕಡೆ 80 ನಿಮಿಷ ನಿಂತೆವು, ಎರಡನೆಯ ಕಡೆ 30.

ಯಾಕೆ ಅಂತ ಮೊದಲ ಪಾರ್ಕಿನ ಕ್ಯೂನಲ್ಲೇ ಗೊತ್ತಾಯಿತು. ಪಕ್ಕದ ಹಳಿಯ ಮೇಲೆ ಇನ್ನೊಂದು ರೈಲು ಟಾರ್ಪಾಲು ಹೊದ್ದು ನಿಂತಿತ್ತು. ಕೆಟ್ಟಿರಬೇಕು ಅಂದುಕೊಂಡೆ. ಅಲ್ಲಿದ್ದ ಹುಡುಗನನ್ನು ಕೇಳಿದರೆ, "ಆಳು ಸಾಲದು, ಅದಕ್ಕೇ ಒಂದೇ ಬಿಡ್ತಿದ್ದೀವಿ" ಅಂದ.

ಸುಮ್ನೆ ನಿಂತು ಲೆಕ್ಕ ಹಾಕಿದೆ. ರೈಲಿಗೆ 24 ಸೀಟು. ಅದು ಸುತ್ತಿ ಬಂದು, ಜನ ಇಳಿದು, ಹೊಸಬರು ಹತ್ತಿ ಹೊರಡುವಷ್ಟರಲ್ಲಿ 3 ನಿಮಿಷ. ಅಂದರೆ ಗಂಟೆಗೆ 20 ಸುತ್ತು, 480 ಜನ. ಎರಡನೆಯ ಪಾರ್ಕಿನ ರೈಲಿಗೂ 24 ಸೀಟೇ. ಆದರೆ ಅಲ್ಲಿ ಒಂದು ಓಡುವಾಗ ಇನ್ನೊಂದು ತುಂಬುತ್ತಿತ್ತು. ಒಂದೂವರೆ ನಿಮಿಷಕ್ಕೊಂದು ಹೊರಡುತ್ತಿತ್ತು, ಗಂಟೆಗೆ 960 ಜನ.

ಎರಡು ರೈಲಿದ್ದರೆ ಸಾಲದು, ತುಂಬಿಸುವ ಕೈಗಳೂ ಬೇಕು. ಮೊದಲ ಪಾರ್ಕಿನಲ್ಲಿ ಒಬ್ಬಳೇ ಹುಡುಗಿ. ಒಂದು ಬದಿಯ ಲ್ಯಾಪ್ ಬಾರ್‌ಗಳನ್ನೆಲ್ಲ (ಕೂತವರ ತೊಡೆಯ ಮೇಲೆ ಬಂದು ಹಿಡಿದಿಡುವ ಸರಳು) ಒತ್ತಿ ನೋಡಿ, ಸುತ್ತಿ ಬಂದು ಇನ್ನೊಂದು ಬದಿ ನೋಡಬೇಕು. ಅಷ್ಟರಲ್ಲಿ ಯಾರೋ ಬ್ಯಾಗ್ ಇಡಲು ಎದ್ದು ಬಂದರೆ ಮತ್ತೆ ಮೊದಲಿನಿಂದ. ಲಾಕರ್‌ಗೆ ಬಾಡಿಗೆ ಕೊಡಬೇಕಿದ್ದರಿಂದ ಎಲ್ಲರೂ ಬ್ಯಾಗನ್ನು ಪ್ಲಾಟ್‌ಫಾರ್ಮ್‌ವರೆಗೂ ತರುತ್ತಿದ್ದರು. ಪಾಪ, ಆಕೆ ಒಂದು ಗಳಿಗೆಯೂ ನಿಲ್ಲಲಿಲ್ಲ. ತಪ್ಪು ಅವಳದ್ದಲ್ಲ. ಎರಡನೆಯ ಕಡೆ ಬದಿಗೆ ಇಬ್ಬರಂತೆ ನಾಲ್ಕು ಜನ. ಲಾಕರ್ ಕ್ಯೂ ಶುರುವಾಗುವ ಮೊದಲೇ, ಅದೂ ಉಚಿತ. ಬಾರ್ ಒತ್ತುವುದು, ಹೆಬ್ಬೆರಳು ಎತ್ತುವುದು, ರೈಲು ಹೊರಡುವುದು.

ನನಗೆ ಜಾಸ್ತಿ ನೋವಾಗಿದ್ದು ಫಾಸ್ಟ್ ಟ್ರ್ಯಾಕ್ ಸಾಲು ನೋಡಿ. ಮೊದಲ ಪಾರ್ಕಿನಲ್ಲಿ ಎರಡು ಸಾಲು ಸೇರುವ ಕಡೆ ಒಬ್ಬರು ನಿಂತಿದ್ದರು. ದುಡ್ಡು ಕೊಟ್ಟವರ ಸಾಲಿನಿಂದ ಎಂಟು ಜನ, ನಮ್ಮ ಸಾಲಿನಿಂದ ನಾಲ್ಕು. "ನಾವು ಮೊದಲು ಬಂದ್ವಲ್ವಾ?" ಅಂತ ಮಗಳು ಕೇಳಿದಳು. ಹೌದು ಅನ್ನದೆ ಬೇರೆ ಏನು ಹೇಳಲಿ?

ಇದು ಒಂದು ಪಾರ್ಕಿನ ಕಥೆ ಅಲ್ಲ. ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ 1999ರಲ್ಲಿ ಫಾಸ್ಟ್‌ಪಾಸ್ ಬಂದಾಗ ಅದು ಉಚಿತ. ಚೀಟಿ ತೆಗೆದುಕೊಂಡು, ಹೇಳಿದ ಹೊತ್ತಿಗೆ ವಾಪಸ್ ಬಂದರೆ ಆಯಿತು. 2021ರಲ್ಲಿ ಅದು ಹೋಗಿ, ದುಡ್ಡು ಕೊಟ್ಟು ಹೋಗುವ ಲೈಟ್ನಿಂಗ್ ಲೇನ್ ಬಂತು. ಮಾಮೂಲಿ ಕ್ಯೂ ಉದ್ದ ಇದ್ದಷ್ಟೂ ಇಂಥ ಟಿಕೆಟ್ ಹೆಚ್ಚು ಖರ್ಚಾಗುತ್ತದೆ. ಹಾಗಿರುವಾಗ ಎರಡನೆಯ ರೈಲಿನ ಟಾರ್ಪಾಲು ತೆಗೆಯುವ ತುರ್ತು ಯಾರಿಗಿರುತ್ತದೆ? ಹೀಗೆ ಎಲ್ಲದಕ್ಕೂ ಬೇರೆ ದುಡ್ಡು ಕೇಳದ ದಾರಿಯೂ ಇದೆ. ಅದೇ ಅಮೆರಿಕದ ಇಂಡಿಯಾನಾದಲ್ಲಿರುವ ಹಾಲಿಡೇ ವರ್ಲ್ಡ್ ಪಾರ್ಕ್, 2000ದಿಂದ ಬಂದವರಿಗೆಲ್ಲ ತಂಪು ಪಾನೀಯ ಉಚಿತವಾಗಿ ಕೊಡುತ್ತಿದೆ. ಪಾರ್ಕಿಂಗ್‌ಗೂ ದುಡ್ಡಿಲ್ಲ.

ಕಾಯುವ ಸಮಯದ ಬೋರ್ಡು ಸಣ್ಣ ವಿಷಯ ಅನಿಸಬಹುದು. ಮೊದಲನೆಯದರಲ್ಲಿ 45 ಅಂತ ಇತ್ತು, 80 ಆಯಿತು. ಎರಡನೆಯದರಲ್ಲಿ 40 ಅಂತ ಇತ್ತು, 30ಕ್ಕೇ ಹತ್ತಿದೆವು. ಆ ಹತ್ತು ನಿಮಿಷ ಉಳಿದಿದ್ದಕ್ಕೆ ಮಗಳು ಕುಣಿದಾಡಿಬಿಟ್ಟಳು.

ಸವಾರಿ ಮಾತ್ರ ನೋಡಿದರೆ ಮೊದಲನೆಯದೇ ಮೇಲು. ಎತ್ತರ ಜಾಸ್ತಿ, ಮೊದಲ ಇಳಿತದಲ್ಲಿ ಉಸಿರೇ ನಿಲ್ಲುತ್ತದೆ. ಆದರೆ ಇಡೀ ದಿನದಲ್ಲಿ ಅಲ್ಲಿ ನಾವು ಹತ್ತಿದ್ದು ನಾಲ್ಕು ರೈಡ್, ಎರಡನೆಯ ಕಡೆ ಹನ್ನೊಂದು. ಮುಂದಿನ ಸಲ ಎಲ್ಲಿಗೆ ಅಂತ ಕೇಳಿದ್ದಕ್ಕೆ ಮಗಳು ಎರಡನೆಯದರ ಹೆಸರೇ ಹೇಳಿದಳು.