ಶಾಲೆಗೆ ಪಂಚಾಯಿತಿಯ ಸೇವೆ: ಕಾಂಪೌಂಡಿಗೆ ಒಳ್ಳೆಯ ಅಂಕ, ಚಾವಣಿಗೆ ಸೊನ್ನೆ

ಮಂಡ್ಯ ತಾಲ್ಲೂಕಿನ ನಮ್ಮ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಗ್ರಾಮ ಪಂಚಾಯಿತಿ ಈಚಿನ ವರ್ಷಗಳಲ್ಲಿ ಏನೇನು ಮಾಡಿಕೊಟ್ಟಿದೆ, ಏನನ್ನು ಮಾಡದೆ ಬಿಟ್ಟಿದೆ ಎಂಬುದನ್ನು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿರುವ (ಎಸ್‌ಡಿಎಂಸಿ) ಒಬ್ಬ ಪೋಷಕನಾಗಿ ಹತ್ತಿರದಿಂದ ನೋಡಿದ್ದೇನೆ. ಹೋಟೆಲಿನ ಊಟವನ್ನು ತೂಗಿ ನೋಡಿ ಬರೆಯುವ ಹಾಗೆ ಪಂಚಾಯಿತಿಯ ಸೇವೆಯನ್ನೂ ತೂಗಿ ನೋಡಿ ಬರೆಯಬೇಕೆಂಬುದು ನನ್ನ ನಂಬಿಕೆ. ಆ ಸೇವೆಗಾಗಿ ನಾವು ಮನೆ ಕಂದಾಯ ಕಟ್ಟುತ್ತೇವೆ, ನಮ್ಮ ಮಕ್ಕಳು ದಿನವೂ ಆ ಕಟ್ಟಡದೊಳಗೆ ಕೂರುತ್ತಾರೆ. ಊರಿನ ಹೆಸರನ್ನು ಬರೆಯುತ್ತಿಲ್ಲ. ಇಲ್ಲಿ ಹೇಳುವ ಕೊರತೆಯನ್ನು ಮಳವಳ್ಳಿ, ನಾಗಮಂಗಲ ಕಡೆಯ ಪೋಷಕರಿಂದಲೂ ಕೇಳಿದ್ದೇನೆ.

ಮೊದಲು ಚೆನ್ನಾಗಿ ಆಗಿರುವುದನ್ನು ಹೇಳಬೇಕು. ಉದ್ಯೋಗ ಖಾತ್ರಿ ಯೋಜನೆಯಾದ ನರೇಗಾದಡಿ ಕಟ್ಟಿದ ಕಾಂಪೌಂಡ್ ಗಟ್ಟಿಮುಟ್ಟಾಗಿದೆ. ಅದಕ್ಕೂ ಮೊದಲು ಶಾಲೆಯ ಅಂಗಳದಲ್ಲಿ ರಾತ್ರಿ ಎತ್ತಿನ ಗಾಡಿ ನಿಲ್ಲಿಸುತ್ತಿದ್ದರು, ಬೆಳಿಗ್ಗೆ ಮಕ್ಕಳು ಬರುವ ಹೊತ್ತಿಗೆ ಜಗುಲಿಯ ಮೇಲೆ ಬಾಟಲಿ ಚೂರುಗಳು ಬಿದ್ದಿರುತ್ತಿದ್ದವು. ಗೇಟು ಬಂದ ಮೇಲೆ ಅವೆರಡೂ ನಿಂತವು. ಆಟದ ಬಯಲನ್ನು ಸಮತಟ್ಟು ಮಾಡಿಸಿದ್ದಾರೆ. ಕೈತೊಳೆಯುವ ತೊಟ್ಟಿಗೆ ನಲ್ಲಿಗಳನ್ನು ಎರಡು ಎತ್ತರಗಳಲ್ಲಿ ಕೂರಿಸಿದ್ದಾರೆ. ಒಂದನೇ ತರಗತಿಯ ಮಗು ಕಾಲ್ಬೆರಳ ಮೇಲೆ ನಿಲ್ಲದೆ, ಅಂಗಿಯ ತೋಳು ನೆನೆಸಿಕೊಳ್ಳದೆ ಬಿಸಿಯೂಟಕ್ಕೆ ಮುಂಚೆ ಕೈ ತೊಳೆಯಬಲ್ಲದು. ಇದನ್ನು ಯೋಚಿಸಿ ಮಾಡಿಸಿದ ಎಂಜಿನಿಯರ್ ಯಾರೇ ಆಗಿರಲಿ, ಅವರಿಗೆ ಮನಸಾರೆ ನಮಸ್ಕಾರ ಹೇಳುತ್ತೇನೆ.

ಮಕ್ಕಳ ಗ್ರಾಮಸಭೆಯ ಬಗ್ಗೆಯೂ ಒಳ್ಳೆಯ ಮಾತು ಹೇಳಲೇಬೇಕು. ಅನೇಕ ಕಡೆ ಅದು ಭಾಷಣ, ಬಿಸ್ಕತ್ತು, ಫೋಟೊಗಳಿಗೆ ಮುಗಿದುಹೋಗುತ್ತದೆ ಎನ್ನುತ್ತಾರೆ. ನಮ್ಮಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಒಳಚಿಲಕವಿಲ್ಲ, ಒಬ್ಬರು ಹೋದರೆ ಇನ್ನೊಬ್ಬರು ಹೊರಗೆ ಬಾಗಿಲು ಹಿಡಿದುಕೊಂಡು ನಿಲ್ಲಬೇಕು ಎಂದು ಹೇಳಿದಳು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅದನ್ನು ಅಲ್ಲೇ ಬರೆದುಕೊಂಡರು, ಕೆಲವೇ ದಿನಗಳಲ್ಲಿ ಚಿಲಕವೂ ಬಂತು. ಕೆಲಸ ಚಿಕ್ಕದು, ಆದರೆ ಕೇಳಿದ್ದಕ್ಕೆ ಉತ್ತರ ಸಿಗುತ್ತದೆ ಎಂಬುದನ್ನು ಆ ಮಕ್ಕಳು ಅಂದು ಕಣ್ಣಾರೆ ಕಂಡರು.

ಇನ್ನು ಚಾವಣಿಯ ವಿಷಯ. ನಮ್ಮ ಶಾಲೆಯಲ್ಲಿ ಹಳೆಯ ಮಂಗಳೂರು ಹೆಂಚಿನ ಎರಡು ಕೊಠಡಿಗಳೂ ಆಮೇಲೆ ಕಟ್ಟಿದ ಆರ್‌ಸಿಸಿ ಕೊಠಡಿಗಳೂ ಇವೆ. ಹೆಂಚಿನ ಕೊಠಡಿಗಳನ್ನು ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚು ಬದಲಿಸಿ ಹೇಗೋ ನಿಭಾಯಿಸಬಹುದು. ತೊಂದರೆ ಇರುವುದು ಆರ್‌ಸಿಸಿ ಕೊಠಡಿಯಲ್ಲಿ. ಪಕ್ಕದ ಹೊಂಗೆ ಮರದ ಎಲೆ ಬಿದ್ದು ತಾರಸಿಯ ನೀರು ಹೋಗುವ ಕೊಳವೆ ಕಟ್ಟಿಕೊಳ್ಳುತ್ತದೆ, ನಿಂತ ನೀರು ಪ್ಯಾರಾಪೆಟ್ ಗೋಡೆ ಕೂಡುವ ಸಂದಿಯಿಂದ ಒಳಗಿಳಿಯುತ್ತದೆ, ಅದೇ ಸಂದಿಯಲ್ಲಿ ಅರಳಿ ಸಸಿಯೊಂದು ಬೇರು ಬಿಟ್ಟಿದೆ. ಒಳಗಿನಿಂದ ನೋಡಿದರೆ ಕಪ್ಪು ಹಲಗೆಯ ಮೇಲ್ಭಾಗದಲ್ಲಿ ಗಾರೆ ಚಕ್ಕೆಚಕ್ಕೆಯಾಗಿ ಕಳಚಿ ತುಕ್ಕು ಹಿಡಿದ ಕಂಬಿ ಕಾಣುತ್ತಿದೆ. ಮಳೆ ಬಂದ ದಿನ ನಾಲ್ಕನೇ ತರಗತಿಯನ್ನೂ ಐದನೇ ತರಗತಿಯನ್ನೂ ಒಂದೇ ಕೊಠಡಿಯಲ್ಲಿ ಕೂರಿಸುತ್ತಾರೆ; ಒಬ್ಬ ಶಿಕ್ಷಕರು ಒಂದು ಗೋಡೆಗೆ ಮುಖ ಮಾಡಿ ಪಾಠ ಮಾಡಿದರೆ ಇನ್ನೊಬ್ಬರು ಎದುರು ಗೋಡೆಗೆ ಮುಖ ಮಾಡುತ್ತಾರೆ. ಈ ವಿಷಯವನ್ನು ಮುಖ್ಯ ಶಿಕ್ಷಕಿಯವರು ಪಂಚಾಯಿತಿಯಲ್ಲಿ ಪ್ರಸ್ತಾಪಿಸಿದಾಗ ಸದಸ್ಯರೊಬ್ಬರು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಡೆಗೆ ಕೈ ತೋರಿಸಿ, ‘ಚಾವಣಿ ನಮ್ ಲೆಕ್ಕುಕ್ ಬರಾಕಿಲ್ಲ ಮೇಡಮ್ನೋರೆ, ಬಿಇಒ ಆಫೀಸ್ಗೆ ಬರ್ದಾಕಿ’ ಎಂದರು. ಅವರು ಅಸಡ್ಡೆಯಿಂದ ಹೇಳಿದ ಮಾತಲ್ಲ ಅದು; ಹಾಗೆಯೇ ತಿಳಿದಿದ್ದರು.

ಹಾಗೆ ತಿಳಿಯುವುದಕ್ಕೆ ಕಾರಣ ಅನುದಾನಗಳು ಬರುವ ರೀತಿಯಲ್ಲೇ ಇದೆ. ನರೇಗಾದಲ್ಲಿ ಕೂಲಿಗೆ 60, ಸಾಮಗ್ರಿಗೆ 40ರ ಅನುಪಾತ ಕಾಯಬೇಕಿತ್ತು. ಬಯಲು ಸಮತಟ್ಟು ಮಾಡುವ ಕೆಲಸ ಅದಕ್ಕೆ ಚೆನ್ನಾಗಿ ಹೊಂದುತ್ತಿತ್ತು, ಕಾಂಪೌಂಡನ್ನೂ ಹೇಗೋ ಹೊಂದಿಸುತ್ತಿದ್ದರು, ಆದರೆ ತಾರಸಿ ದುರಸ್ತಿಯಂಥ ಕೆಲಸಕ್ಕೆ ಅಲ್ಲಿ ಜಾಗವಿರಲಿಲ್ಲ. ಹದಿನೈದನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ಶೇ 60 ಭಾಗ ನಿರ್ಬಂಧಿತವಾಗಿದ್ದು, ಅದನ್ನು ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಮಾತ್ರ ಖರ್ಚು ಮಾಡಬೇಕಿತ್ತು. ಶೌಚಾಲಯ, ನಲ್ಲಿ, ತೊಟ್ಟಿಗಳು ಸಲೀಸಾಗಿ ಬಂದದ್ದು ಇದರಿಂದಲೇ. ಉಳಿದ ಶೇ 40ರ ಅನಿರ್ಬಂಧಿತ ಹಣವನ್ನು ಸಂಬಳ ಮತ್ತು ಆಡಳಿತ ವೆಚ್ಚ ಬಿಟ್ಟು ಊರಿಗೆ ಬೇಕಾದ ಕೆಲಸಕ್ಕೆ ಬಳಸಬಹುದಿತ್ತು. ಆದರೆ ಚರಂಡಿ, ಸಿಸಿ ರಸ್ತೆ, ಬೀದಿ ದೀಪಗಳ ಬೇಡಿಕೆ ಮುಗಿಬೀಳುವುದೂ ಅದೇ ಹಣಕ್ಕೆ. ತಮ್ಮ ವಾರ್ಡಿಗೆ ಒಂದು ರಸ್ತೆಯನ್ನಾದರೂ ತರಲೇಬೇಕಾದ ಸದಸ್ಯರ ನಡುವೆ, ಯಾವ ವಾರ್ಡಿಗೂ ಪೂರ್ತಿ ಸೇರದ ಶಾಲೆಯ ಚಾವಣಿಯನ್ನು ಯಾರೂ ಎತ್ತಿಕೊಳ್ಳಲಿಲ್ಲ.

ಇನ್ನು ಶಾಲೆಯ ಕೈಯಲ್ಲಿರುವ ಹಣ. ಶಾಲೆಗಳಿಗೆ ಹಣ ಕೊಡುವ ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದ ಪ್ರಕಾರ 30ಕ್ಕಿಂತ ಹೆಚ್ಚು, 100ರವರೆಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿ ಶಾಲಾ ಅನುದಾನ. ಸೀಮೆಸುಣ್ಣ, ರಿಜಿಸ್ಟರ್, ಫಿನಾಯಿಲ್, ಬಲ್ಬು, ಸಣ್ಣಪುಟ್ಟ ರಿಪೇರಿ, ಎಲ್ಲವೂ ಅದರಲ್ಲೇ ಆಗಬೇಕು. ಒಂದು ಕೊಠಡಿಯ ತಾರಸಿಗೆ ಸರಿಯಾದ ಜಲನಿರೋಧಕ ಪದರ ಹಾಕಿಸುವುದು ಅಷ್ಟರಲ್ಲಿ ಆಗುವ ಮಾತಲ್ಲ. ಬಿಇಒ ಕಚೇರಿಯ ಮೂಲಕ ಹೋದ ಅರ್ಜಿಗಳು ಮೇಲಿನ ಹಂತದ ಕ್ರಿಯಾ ಯೋಜನೆಗೆ ಸೇರಬೇಕು. ಅಲ್ಲಿ ನಮ್ಮ ಪರವಾಗಿ ಮಾತನಾಡಬೇಕಿದ್ದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲೇ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅಧಿಕಾರಿಗಳು ಎಷ್ಟೇ ಒಳ್ಳೆಯವರಾಗಿದ್ದರೂ, ಸಂತೆಯಲ್ಲಿ ಕೈಹಿಡಿದು ನಿಲ್ಲಿಸಿ ‘ನಮ್ಮ ಸ್ಕೂಲ್ದೇನಾಯ್ತಣ್ಣ’ ಎಂದು ಕೇಳಬಹುದಾದ ಪ್ರತಿನಿಧಿಯ ಜಾಗವನ್ನು ಅವರು ತುಂಬಲಾರರು.

‘ನಮ್ಮ ಲೆಕ್ಕಕ್ಕೆ ಬರುವುದಿಲ್ಲ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪೈಕಿ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣವೂ ಒಂದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 9ನೇ ಸೆಕ್ಷನ್, ಶಾಲಾ ಕಟ್ಟಡವೂ ಸೇರಿದಂತೆ ಮೂಲಸೌಕರ್ಯ ಒದಗಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದು ಹೇಳುತ್ತದೆ. ಆ ಪ್ರಾಧಿಕಾರದ ವ್ಯಾಖ್ಯೆಯಲ್ಲಿ ಪಂಚಾಯಿತಿಯ ಹೆಸರೂ ಇದೆ. ಅದೇ ಕಾಯ್ದೆಯ ಅನುಸೂಚಿಯು ಶಾಲೆಗೆ ಎಲ್ಲ ಹವಾಮಾನಕ್ಕೂ ತಡೆಯುವ ಕಟ್ಟಡವಿರಬೇಕೆಂದು ವಿಧಿಸುತ್ತದೆ. ಮಳೆ ಬಂದರೆ ಖಾಲಿ ಮಾಡಬೇಕಾದ ಕೊಠಡಿ ಆ ಮಾತಿಗೆ ಸಲ್ಲುವುದಿಲ್ಲ.

ಕಟ್ಟಿದ್ದನ್ನು ಉಳಿಸಿಕೊಳ್ಳುವುದರಲ್ಲಿಯೂ ಪಂಚಾಯಿತಿ ಹಿಂದೆ ಬಿದ್ದಿದೆ. ಶೌಚಾಲಯದ ಬಿಳಿ ಟೈಲ್ಸ್ ಉದ್ಘಾಟನೆಯ ದಿನ ಹೊಳೆಯುತ್ತಿದ್ದವು. ಆದರೆ ದಿನವೂ ತೊಳೆಯುವವರು ಯಾರು, ಅವರಿಗೆ ಸಂಬಳ ಯಾವ ಲೆಕ್ಕದಿಂದ ಎಂಬ ಪ್ರಶ್ನೆಗೆ ಕ್ರಿಯಾ ಯೋಜನೆಯಲ್ಲಿ ಒಂದು ಸಾಲಿನ ಉತ್ತರವೂ ಇರಲಿಲ್ಲ. ಟ್ಯಾಂಕಿನ ಪೈಪು ಸೀಳಿದಾಗ ನೀರು ನಿಂತಿತು, ನೀರು ನಿಂತಾಗ ಬಾಗಿಲಿಗೆ ಬೀಗ ಬಿತ್ತು. ಆ ದಿನಗಳಲ್ಲಿ ದೊಡ್ಡ ಹೆಣ್ಣುಮಕ್ಕಳು ಮಧ್ಯಾಹ್ನದ ಬಿಡುವಿನಲ್ಲಿ ಮನೆಗೆ ಹೋಗಿ ಬರುತ್ತಿದ್ದರು, ದೂರದ ತೋಟದ ಮನೆಯವರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಲಕ್ಷಗಟ್ಟಲೆ ಖರ್ಚು ಮಾಡಿ ಕಟ್ಟಿದ್ದನ್ನು ಕೆಲವು ನೂರು ರೂಪಾಯಿಯ ಪೈಪಿಗಾಗಿ ಮುಚ್ಚಿಡುವುದು ನನಗೆ ಸಹಿಸಲಾಗದ ಸಂಗತಿ. ಪಂಚಾಯಿತಿಯು ತನ್ನ ಸ್ವಂತ ಸಂಪನ್ಮೂಲದಲ್ಲಿ ಪ್ರತಿ ಶಾಲೆಯ ಹೆಸರಿಗೆ ಒಂದು ಸಣ್ಣ ನಿರ್ವಹಣಾ ಮೊತ್ತವನ್ನು ಎತ್ತಿಟ್ಟು, ಮುಖ್ಯ ಶಿಕ್ಷಕರ ಪತ್ರ ಬಂದ ವಾರದಲ್ಲೇ ವಾಟರ್‌ಮನ್ ಅಥವಾ ಪ್ಲಂಬರ್ ಬರುವಂತೆ ಮಾಡಿದರೆ ಈ ದೂರಿನ ಅರ್ಧ ಭಾಗ ಇಲ್ಲವಾಗುತ್ತದೆ.

ಐದಕ್ಕೆ ಅಂಕ ಕೊಡುವುದಾದರೆ ಹೊಸ ಕೆಲಸಕ್ಕೆ ನಾಲ್ಕು, ಮಕ್ಕಳ ಮಾತು ಕೇಳಿಸಿಕೊಂಡದ್ದಕ್ಕೆ ನಾಲ್ಕು, ನಿರ್ವಹಣೆಗೆ ಒಂದು ಕೊಡುತ್ತೇನೆ. ಚಾವಣಿಗೆ ಸದ್ಯಕ್ಕೆ ಏನೂ ಇಲ್ಲ.

ಬೇರೆ ಊರುಗಳ ಪೋಷಕರು ತಮ್ಮ ಪಂಚಾಯಿತಿಯನ್ನು ಹೀಗೆ ಪರೀಕ್ಷಿಸಬೇಕೆಂದಿದ್ದರೆ ಮೊದಲು ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ತಮ್ಮ ಪಂಚಾಯಿತಿಯ ಅನುಮೋದಿತ ಯೋಜನೆಯನ್ನು ತೆರೆದು, ಶಾಲೆಯ ಹೆಸರಿನ ಕಾಮಗಾರಿಗಳನ್ನು ಹುಡುಕಲಿ. ಅದಕ್ಕಿಂತ ಮುಖ್ಯವಾಗಿ, ಎಸ್‌ಡಿಎಂಸಿ ಕೈಯಲ್ಲಿ ಒಂದು ಶಾಲಾ ಅಭಿವೃದ್ಧಿ ಯೋಜನೆ ಸಿದ್ಧವಿರಲಿ. ಸರ್ಕಾರವೂ ಸ್ಥಳೀಯ ಪ್ರಾಧಿಕಾರವೂ ಕೊಡುವ ಅನುದಾನಕ್ಕೆ ಅದೇ ಆಧಾರವಾಗಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಹೇಳುತ್ತದೆ. ನಾವು ಈ ಸಲ ಬಾಯಿಮಾತಿನ ಮನವಿಯನ್ನು ಬಿಟ್ಟು ಆ ಯೋಜನೆಯನ್ನೇ ಬರೆದಿದ್ದೇವೆ: ಮೊದಲ ಸಾಲಿನಲ್ಲಿ ಆರ್‌ಸಿಸಿ ಕೊಠಡಿಯ ತಾರಸಿ, ಎರಡನೆಯದರಲ್ಲಿ ಶೌಚಾಲಯದ ನಿರ್ವಹಣೆ, ಜೊತೆಗೆ ತುಕ್ಕು ಹಿಡಿದ ಕಂಬಿಯ ಫೋಟೊ ಮತ್ತು ಎಂಜಿನಿಯರ್ ಸಹಿಯಿರುವ ಅಂದಾಜು ಪಟ್ಟಿ. ಮುಂದಿನ ವರ್ಷದ ಯೋಜನೆಗಾಗಿ ಸೇರುವ ಗ್ರಾಮಸಭೆಯಲ್ಲಿ ಅದನ್ನು ಓದಿ, ನಡಾವಳಿ ಪುಸ್ತಕದಲ್ಲಿ ದಾಖಲಿಸಿ, ಸ್ವೀಕೃತಿ ಪಡೆದುಕೊಂಡು ಬರುತ್ತೇವೆ.