ಝಡ್80 ಎಮ್ಯುಲೇಟರ್ ಬರೀತಿದ್ರೆ ಝೆಕ್ಸ್‌ಆಲ್ ಹಾಕಿ ನೋಡ್ಲೇಬೇಕು

ಮಡಿಕೇರೀಲಿ ಜುಲೈ ಮಳೆ, ನೆಟ್ ಇಲ್ಲವೇ ಇಲ್ಲ, ಅಂಥಾ ವಾರದಲ್ಲಿ ಇನ್ವರ್ಟರ್ ಕರೆಂಟ್‌ನಲ್ಲಿ ಕೂತು, ನಾನು ಬರೆದ ಝಡ್80 ಎಮ್ಯುಲೇಟರ್‌ಗೆ (ಆ ಹಳೇ ಪ್ರೊಸೆಸರ್ ಚಿಪ್ಪಿನ ಹಾಗೇ ನಡೆಯೋ ಸಾಫ್ಟ್‌ವೇರ್) ಝೆಕ್ಸ್‌ಆಲ್ ಓಡಿಸಿದೆ, ಚಿಪ್ಪಿನ ಇನ್‌ಸ್ಟ್ರಕ್ಷನ್‌ಗಳು ಸರಿಯಾಗಿ ನಡೀತಾವಾ ಅಂತ ನೋಡೋ ಪರೀಕ್ಷೆ ಅದು. ಚಿಪ್ಪು 1976ರದು, ಈ ಪ್ರೋಗ್ರಾಂ ಪುಟ್ಟದು, ಉಚಿತ. ಸಿಪಿ/ಎಂ ಅನ್ನೋ ಹಳೇ ಆಪರೇಟಿಂಗ್ ಸಿಸ್ಟಮ್‌ಗೆ ಬರೆದದ್ದಾದ್ರೂ ಪೂರ್ತಿ ಸಿಪಿ/ಎಂ ಏನೂ ಬೇಡ, ಮೆಮೊರಿ ಅಡ್ರೆಸ್ 100 ಹೆಕ್ಸ್‌ಗೆ ಲೋಡ್ ಮಾಡಿ, ಅಡ್ರೆಸ್ 5ಕ್ಕೆ ಬರೋ ಕಾಲ್‌ನಲ್ಲಿ ಅಕ್ಷರ ಪ್ರಿಂಟ್ ಮಾಡೋ ಫಂಕ್ಷನ್ 2, ಸ್ಟ್ರಿಂಗ್ ಪ್ರಿಂಟ್ ಮಾಡೋ ಫಂಕ್ಷನ್ 9 ಇವೆರಡನ್ನ ಹಿಡ್ಕೊಂಡ್ರೆ ಸಾಕು, ಆದ್ರೆ ಅಡ್ರೆಸ್ 6ರಲ್ಲಿ ಮೆಮೊರಿಯ ಮೇಲಿನ ಮಿತಿ ಇಡೋದು ಮರೀಬೇಡಿ, ಸ್ಟ್ಯಾಕ್ ಅಲ್ಲಿಂದಾನೇ ತಗೊಳ್ಳುತ್ತೆ.

ಮೊದ್ಲು ಇದರ ಜೋಡಿ, ಮ್ಯಾನ್ಯುಯಲ್‌ನಲ್ಲಿರೋ ಫ್ಲ್ಯಾಗ್ (ಲೆಕ್ಕದ ಫಲ ಹೇಗಿತ್ತು ಅಂತ ಚಿಪ್ಪು ಗುರುತಿಡೋ ಬಿಟ್) ಮಾತ್ರ ನೋಡೋ ಝೆಕ್ಸ್‌ಡಾಕ್ ಪಾಸ್ ಮಾಡ್ಸಿ, ಆಮೇಲೆ ಝೆಕ್ಸ್‌ಆಲ್. ಮ್ಯಾನ್ಯುಯಲ್‌ನಲ್ಲಿ ಹೇಳದೇ ಇರೋ ಫ್ಲ್ಯಾಗ್ ಬಿಟ್ 3, 5ನ್ನೂ ಬಿಡಲ್ಲ ಇದು, ಅದೇ ನಂಗೆ ತುಂಬಾ ಇಷ್ಟ ಆಗಿದ್ದು.

ಕೊರತೆ ಅಂದ್ರೆ, ತಪ್ಪಾದ್ರೆ ಸಿಆರ್‌ಸಿ (ಗುಂಪಿನ ಎಲ್ಲಾ ಫಲಿತಾಂಶ ಸೇರಿಸಿ ತೆಗೆಯೋ ತಾಳೆ ಸಂಖ್ಯೆ) ಹೊಂದ್ತಿಲ್ಲ ಅನ್ನುತ್ತೆ ಅಷ್ಟೇ, ಯಾವ ಇನ್‌ಪುಟ್‌ಗೆ ಅಂತ ಹೇಳಲ್ಲ. ಡಿಎಎ, ಸಿಪಿಎಲ್, ಎಸ್‌ಸಿಎಫ್, ಸಿಸಿಎಫ್ ಅನ್ನೋ ನಾಲ್ಕು ಇನ್‌ಸ್ಟ್ರಕ್ಷನ್‌ನೂ ಒಂದೇ ಗುಂಪಲ್ಲಿ ಪರೀಕ್ಷಿಸುತ್ತೆ, ಹುಡುಕಿ ಹುಡುಕಿ ಅರ್ಧ ದಿನ ಹೋಯ್ತು, ಕೊನೆಗೆ ನೋಡಿದ್ರೆ ವ್ಯವಕಲನ ಆದ್ಮೇಲೆ ಉತ್ತರಾನ ದಶಮಾಂಶಕ್ಕೆ ಸರಿಮಾಡೋ ಡಿಎಎನಲ್ಲಿ ಹಾಫ್ ಕ್ಯಾರಿ (ಕೆಳಗಿನ ನಾಲ್ಕು ಬಿಟ್‌ನ ಕ್ಯಾರಿ ತೋರಿಸೋ ಫ್ಲ್ಯಾಗ್) ತಪ್ಪಿತ್ತು. ಇಂಟರಪ್ಟ್ ಇದು ನೋಡಲ್ಲ, ಅದಕ್ಕೆ ಬೇರೆ ಟೆಸ್ಟ್ ಬರೀತಾ ಇದ್ದೀನಿ.