ತೊಣ್ಣೂರು ಕೆರೆನಾ, ಅಯ್ಯನಕೆರೆನಾ? ಎರಡೂ ಕಡೆ ಉಳ್ಕೊಂಡು ನೋಡಿದ್ದು

ಹಾಸ್ಟೆಲ್ ಗೆಳೆಯ ಆರು ವರ್ಷ ಆದ್ಮೇಲೆ ಪುಣೆಯಿಂದ ಬಂದಿದ್ದ. "ಊರು ಸುತ್ತೋದೆಲ್ಲ ಬೇಡ ಕಣೋ, ಎಲ್ಲಾದ್ರೂ ನೀರಿನ ಹತ್ರ ಕೂತು ಮಾತಾಡೋಣ" ಅಂದ. ಸರಿ ಅಂತ ಶನಿವಾರ, ಭಾನುವಾರ ಪಾಂಡವಪುರದ ಹತ್ರ ತೊಣ್ಣೂರಲ್ಲಿ ಸೋದರತ್ತೆ ಮನೇಲಿ ಉಳ್ಕೊಂಡ್ವಿ, ಆಮೇಲೆ ಎರಡು ರಾತ್ರಿ ಅಯ್ಯನಕೆರೆ ಕಡೆ ಪರಿಚಯದವ್ರ ತೋಟದ ಮನೇಲಿ.

ತೊಣ್ಣೂರಲ್ಲಿ ನಡ್ಕೊಂಡೇ ಹೋಗಿ ನೋಡೋದು ತುಂಬಾ ಇದೆ. ಹೊಯ್ಸಳರ ಕಾಲದ ನಂಬಿನಾರಾಯಣ ದೇವಸ್ಥಾನ, ಗುಡ್ಡದ ಮೇಲೆ ಯೋಗಾನರಸಿಂಹ, ರಾಮಾನುಜರು ಇದ್ದ ಊರು ಬೇರೆ. ದಾರೀಲಿ ಒಂದು ಆಲೆಮನೇಲಿ ಬಿಸಿ ಬೆಲ್ಲ ಕೈಗೆ ಹಾಕಿಕೊಟ್ರು, ಅತ್ತೆ ಮನೇಲಿ ಮುದ್ದೆ ಬಸ್ಸಾರು, ಗೆಳೆಯ ಎರಡು ಮುದ್ದೆ ಮುಗಿಸಿದ. ಆದ್ರೆ ಶನಿವಾರ ಮಧ್ಯಾಹ್ನ ಕೆರೆ ಹತ್ರ ಹೋದ್ರೆ ಸಾಲಾಗಿ ಕಾರು, ಸ್ಪೀಕರಲ್ಲಿ ಹಾಡು, ನೀರಲ್ಲಿ ಹುಡುಗ್ರು, ನಮ್ ಮಾತು ನಮಗೇ ಕೇಳ್ತಿರಲಿಲ್ಲ. ನೀರು ತಿಳಿಯಾಗಿ ಕಾಣುತ್ತೆ ಆದ್ರೆ ಆಳ ಗೊತ್ತಾಗಲ್ಲ, ಇಳೀಬೇಡಿ ಅಂತ ಅತ್ತೆ ಕೈ ಹಿಡ್ಕೊಂಡು ಹೇಳಿದ್ರು, ನಾವು ಇಳೀಲಿಲ್ಲ, ನೀವೂ ಇಳೀಬೇಡಿ. ಸೋಮವಾರ ಬೆಳಗ್ಗೆ ಆರು ಗಂಟೆಗೆ ಅದೇ ಏರಿ ಮೇಲೆ ಒಬ್ರೂ ಇರಲಿಲ್ಲ, ಅವ್ನ ತಂದೆ ತೀರ್ಕೊಂಡ ಸುದ್ದಿ ಅವ್ನು ಬಾಯಿಬಿಟ್ಟು ಹೇಳಿದ್ದು ಆಗ್ಲೇ.

ಅಯ್ಯನಕೆರೆ ಪೂರ್ತಿ ಬೇರೆ. ಕಡೂರು-ಚಿಕ್ಕಮಗಳೂರು ಬಸ್ಸಲ್ಲಿ ಸಖರಾಯಪಟ್ಟಣದಲ್ಲಿ ಇಳಿದು ಅಲ್ಲಿಂದ ಆಟೋ ಹಿಡೀಬೇಕು, ಗಾಡಿ ಇದ್ರೆ ಒಳ್ಳೇದು. ರುಕ್ಮಾಂಗದ ರಾಯ ಕಟ್ಟಿಸಿದ್ದು, 1156ರಲ್ಲಿ ಹೊಯ್ಸಳರ ಕಾಲದಲ್ಲಿ ಜೀರ್ಣೋದ್ಧಾರ ಆಗಿದ್ದು ಅಂತಾರೆ. ಕೆರೆ ಹಿಂದೆ ಬೆಟ್ಟದ ಸಾಲು, ಏರಿ ಕೆಳಗೆ ತೆಂಗು ಅಡಿಕೆ ತೋಟ, ಇಷ್ಟು ವರ್ಷ ಆದ್ರೂ ಅದೇ ನೀರು ತೂಬಿಂದ ತೋಟಕ್ಕೆ ಹರೀತಾ ಇರೋದು ನೋಡಿದ್ರೆ ಮನಸ್ಸು ತುಂಬಿಬರುತ್ತೆ. ಸಂಜೆ ಬೆಟ್ಟದ ನೆರಳು ನೀರಿನ ಮೇಲೆ ಬರೋವರ್ಗೂ ಕೂತಿದ್ವಿ, ಗಾಳಿ ಬಿಟ್ರೆ ಸದ್ದಿಲ್ಲ. ನಾವಿದ್ದ ಮನೇಲಿ ಫೋನ್ ಸಿಗ್ನಲ್ ಇರಲಿಲ್ಲ, ಅದೂ ಒಳ್ಳೇದೇ ಆಯ್ತು. ತೊಂದ್ರೆ ಅಂದ್ರೆ ಊಟ, ನಮಗೆ ತೋಟದ ಮನೆಯವ್ರು ಅಕ್ಕಿರೊಟ್ಟಿ ಕಾಯಿಚಟ್ನಿ ಮಾಡಿಕೊಟ್ರು ಸರಿ, ಸುಮ್ನೆ ಹೋಗೋರು ಬುತ್ತಿ ಕಟ್ಕೊಂಡು ಹೋಗಿ.

ಒಂದು ಮಾತು, ತೊಣ್ಣೂರಿಗೆ ನಾವು ಹೋಗಿದ್ದು ವೀಕೆಂಡು, ಅಯ್ಯನಕೆರೆಗೆ ವಾರದ ಮಧ್ಯೆ, ಹಾಗಾಗಿ ತೂಕ ಪೂರ್ತಿ ಸಮ ಅಲ್ಲ. ಅಪ್ಪ ಅಮ್ಮನ್ನ, ಮಕ್ಕಳನ್ನ ಕರ್ಕೊಂಡು ಹೋಗೋದಾದ್ರೆ ನಾನು ತೊಣ್ಣೂರೇ ಅಂತೀನಿ, ದೇವಸ್ಥಾನ ಇದೆ, ಮೇಲುಕೋಟೆಗೂ ಹೋಗಿ ಪುಳಿಯೋಗರೆ ತಿಂದು ಬರಬಹುದು. ಇಬ್ರೇ ಕೂತು ಮಾತಾಡೋಕಾದ್ರೆ ಅಯ್ಯನಕೆರೆ, ಅದ್ರಲ್ಲಿ ನಂಗೆ ಅನುಮಾನ ಇಲ್ಲ. ಗೆಳೆಯ ಮಾತ್ರ ತೊಣ್ಣೂರಿನ ಆ ಬೆಳಗ್ಗೆನೇ ನೆನೆಸ್ಕೊತಾನೆ, ಮುಂದಿನ ಸಲ ಮಂಗಳವಾರ ಬುಧವಾರ ರಜಾ ಹಾಕಿ ಬರ್ತೀನಿ, ಅತ್ತೆಗೆ ಹೇಳಿಡು ಅಂದಿದಾನೆ.